ಮೂರು ದಿನದ ಕೌದಿ

ಹೆಂಡತಿ ಒಂದು ತಿಂಗಳು ಕೂತು ಮಾಡುವ ಕೆಲಸವನ್ನು ನಾನು ಮೂರು ದಿನದಲ್ಲಿ ಮುಗಿಸಿ ತೋರಿಸುತ್ತೇನೆ ಎಂದು ಎಪ್ಪತ್ನಾಲ್ಕನೇ ಇಸವಿಯಲ್ಲಿ, ದೀಪಾವಳಿಗೆ ಇನ್ನೂ ಇಪ್ಪತ್ತು ದಿನ ಇರುವಾಗ, ನಾನು ಶಪಥ ಮಾಡಿದೆ. ಶಪಥ ಮಾಡುವಾಗ ಎದುರಿಗೆ ಯಾರೂ ಇರಲಿಲ್ಲ. ಹೊಲಿಗೆ ಮಿಷನ್ ಒಂದಿತ್ತು. ಅದು ಏನೂ ಹೇಳಲಿಲ್ಲ. ಮೌನವನ್ನು ಸಮ್ಮತಿ ಎಂದುಕೊಂಡದ್ದು ನನ್ನ ಮೊದಲನೆಯ ತಪ್ಪು.

ನಾನು ಅಂಜನಪ್ಪ. ಹಿರಿಯೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನ ಟೈಲರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ನಾನು ಪ್ಯಾಂಟು ಶರ್ಟು ಹೊಲಿಯುತ್ತಿದ್ದೆ. ಆಚೆ ನನ್ನ ಹೆಂಡತಿ ನಾಗಕ್ಕ ಕೌದಿ ಹೊಲಿಯುತ್ತಿದ್ದಳು. ನನ್ನ ಕತ್ತರಿಯಿಂದ ನೆಲಕ್ಕೆ ಬಿದ್ದ ಪ್ರತಿಯೊಂದು ಚೂರೂ ಅವಳ ಸ್ವತ್ತು. ಅದು ಸಾಲದೆಂದು ಸುತ್ತಮುತ್ತಲ ಹಳ್ಳಿಯವರು ಹಳೇ ಸೀರೆ, ಹರಿದ ಪಂಚೆ, ಬಣ್ಣ ಹೋದ ಲಂಗ ಎಲ್ಲವನ್ನೂ ಗಂಟು ಕಟ್ಟಿಕೊಂಡು ಬಂದು ಅವಳ ಮುಂದೆ ಇಡುತ್ತಿದ್ದರು. ಅವಳು ಒಂದು ಸೀರೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ತುಂಡುಗಳನ್ನು ಹರಡಿ, ಅಂಚಿನಿಂದ ಶುರು ಮಾಡಿ, ಒಂದೊಂದೇ ಎಳೆ ಹಾಕುತ್ತಾ, ಸುತ್ತು ಬರುತ್ತಾ ಬರುತ್ತಾ ನಡುವಿಗೆ ಬಂದು ಮುಗಿಸುತ್ತಿದ್ದಳು. ಅಷ್ಟು ಹೊತ್ತಿಗೆ ಒಂದು ತಿಂಗಳು ಕಳೆದಿರುತ್ತಿತ್ತು.

ಆ ತಿಂಗಳೆಲ್ಲ ಅವಳ ಖುಷಿ ನೋಡಬೇಕು. ಹರಿದ ಬಟ್ಟೆಯ ರಾಶಿ ಕಂಡರೆ ಬೇರೆ ಹೆಂಗಸರು ಮುಖ ಸಿಂಡರಿಸುತ್ತಾರೆ. ಇವಳು ಬಂಗಾರದಂಗಡಿಗೆ ಬಂದವಳಂತೆ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. "ಇದು ಪೋಸ್ಟ್‌ಮ್ಯಾನ್ ಪ್ಯಾಂಟಿಂದು. ಇದು ಆ ಮೇಷ್ಟ್ರ ಮಗಳ ಮದುವೆ ರವಿಕೆದು" ಎಂದು ನನಗೆ ಪರಿಚಯ ಮಾಡಿಕೊಡುತ್ತಿದ್ದಳು, ಹೊಲಿದವನು ನಾನೇ ಆದರೂ. ನನ್ನ ಮೇಲೆ ಅವಳಿಗೆ ಇದ್ದ ದೂರು ಒಂದೇ. "ನಿಮ್ಮ ಬೆಲ್ ಬಾಟಮ್ ಬಂದ ಮ್ಯಾಲೆ ಚೂರೇ ಬೀಳ್ತಾ ಇಲ್ಲ. ಬಟ್ಟೆಯೆಲ್ಲಾ ಕಾಲಿಗೇ ಹೋಗ್ತೈತೆ."

ನನಗೆ ಮಾತ್ರ ಕೌದಿ ಎಂದರೆ ತಾತ್ಸಾರ. ಗಿರಾಕಿಗಳ ಮುಂದೆ, "ನಾವಿಬ್ರೂ ಹೊಲಿಯೋರೇ. ನಂದು ಕಸುಬು, ಅವಳ್ದು ಕಾಲಕ್ಷೇಪ" ಎಂದು ನಗುತ್ತಿದ್ದೆ. ಪರದೆಗೆ ಕಿವಿ ಕೇಳಿಸುತ್ತದೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೆ.

ಹೀಗಿರುವಾಗ ವೇದಾವತಿ ಹೊಳೆಗೆ ಬಟ್ಟೆ ಒಗೆಯಲು ಹೋದವಳು ಪಾಚಿಗಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಎರಡು ತಿಂಗಳು ಕೈ ಅಲುಗಿಸಬಾರದು ಎಂದರು. ಅಂದಿನಿಂದ ಪರದೆಯ ಆಚೆ ಸದ್ದಿಲ್ಲದಂತಾಯಿತು. ತಲೆ ಬಾಚಿಸಿಕೊಳ್ಳಲು ಅವಳು ಪಕ್ಕದ ಮನೆಗೆ ಹೋಗಬೇಕಾಯಿತು. ನಾನು ಮಾಡಿದ ಮುದ್ದೆಯನ್ನು ಎಡಗೈಯಲ್ಲಿ ಮುರಿಯಲಾಗದೆ ಸುಮ್ಮನೆ ನೋಡುತ್ತಾ ಕೂರುತ್ತಿದ್ದಳು. ಬಲಗೈಯಲ್ಲೂ ಅದು ಮುರಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಮೂಲೆಯಲ್ಲಿ ಹೊಲಿಯಬೇಕಾದ ಗಂಟುಗಳು ಐದಾರು ಕೂತಿದ್ದವು. ಅವನ್ನು ನೋಡಿ ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಅವಳ ಕಣ್ಣಲ್ಲಿ ನೀರು ಕಂಡದ್ದು ಬಲು ಕಡಿಮೆ. ಹೊಗೆಗೆ ಬಂದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

"ಉಳಿದೋರು ಕಾಯ್ತಾರೆ," ಎಂದಳು ಒಂದು ದಿನ. "ಐಮಂಗಲದ ಕಡೆ ಗೊಲ್ಲರಹಟ್ಟಿ ಜುಂಜಮ್ಮಂದೇ ಚಿಂತೆ. ದೀಪಾವಳಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಹಬ್ಬ ಮುಗಿದ ಮ್ಯಾಲೆ ಆಯಮ್ಮ ಕುರಿ ಜೊತೆ ದಾವಣಗೆರೆ ಕಡೆ ಹೋಗ್ತಾಳೆ. ಬರೋದು ಇನ್ನು ಬ್ಯಾಸಗೆಗೆ."

"ಯಾವ ಗಂಟು ಅದು?"

"ಆ ಕರೇ ಕಂಬ್ಳಿ ಚೂರಿನಾಗೆ ಕಟ್ಟಿರೋದು. ಅದನ್ನ ಮಾತ್ರ ಮುಟ್ಟಬ್ಯಾಡ್ರಿ."

"ಯಾಕೆ, ಅದರಾಗೇನೈತೆ?"

"ಬಟ್ಟೆ ಐತೆ. ಮುಟ್ಟಬ್ಯಾಡ್ರಿ ಅಂದ್ರೆ ಮುಟ್ಟಬ್ಯಾಡ್ರಿ."

ಮರುದಿನ ಅವಳ ಅಕ್ಕ ಬಂದು, ಚಿತ್ರದುರ್ಗದಲ್ಲಿ ಮೂಳೆಗೆ ಎಣ್ಣೆ ಹಾಕಿ ಕಟ್ಟುವವರೊಬ್ಬರಿದ್ದಾರೆ, ಮೂರು ದಿನ ನಮ್ಮ ಮನೆಯಲ್ಲಿ ಇದ್ದು ಬರಲಿ ಎಂದು ಅವಳನ್ನು ಕರೆದುಕೊಂಡು ಹೋದಳು. ಬಸ್ಸು ತಿರುಗಿ ಮರೆಯಾಗುವವರೆಗೂ ನಾಗಕ್ಕ ಕಿಟಕಿಯಲ್ಲಿ ಎಡಗೈ ಅಲ್ಲಾಡಿಸುತ್ತಿದ್ದಳು. ನಾನು ನೆಟ್ಟಗೆ ಅಂಗಡಿಗೆ ಬಂದೆ. ಈ ಮೂರು ದಿನದಲ್ಲಿ ಜುಂಜಮ್ಮನ ಕೌದಿ ಮುಗಿಸಿ, ಹೆಂಡತಿಯ ಮಾತನ್ನು ಉಳಿಸಿ, ಅವಳ ಕಣ್ಣೀರು ಒರೆಸುತ್ತೇನೆ ಎಂದು ಆಗಲೇ ನಾನು ಮಿಷನ್ ಎದುರು ನಿಂತು ಶಪಥ ಮಾಡಿದ್ದು.

ಗಂಟು ಬಿಚ್ಚಿದೆ. ಮೊದಲು ಬಂದದ್ದು ವಾಸನೆ. ಕುರಿ, ಹೊಗೆ, ಬೆವರು, ಬೀಡಿ ನಾಲ್ಕೂ ಕೂಡಿದ ವಾಸನೆ. ಆಮೇಲೆ ಬಟ್ಟೆ. ನೀಲಿ ಪಟ್ಟೆಯ ಒಂದು ಅಂಗಿ, ಕಂಕುಳಲ್ಲಿ ಬೆವರು ತಿಂದು ಜಾಲರಿಯಾಗಿತ್ತು. ಎರಡು ಪಂಚೆ, ಬೆಳಕಿಗೆ ಹಿಡಿದರೆ ಎದುರು ಮನೆಯ ಹೆಂಚು ಎಣಿಸಬಹುದಿತ್ತು. ಒಂದು ಕೆಂಪು ರುಮಾಲು, ಬಿಸಿಲಿಗೆ ಬೆಂದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ತಳಕ್ಕೆ ಹಾಸಲು ಒಂದು ಹಸಿರು ಸೀರೆ. ಅಷ್ಟೇ.

ಮೂವತ್ತು ವರ್ಷ ಕತ್ತರಿ ಹಿಡಿದ ನನ್ನ ಕೈ ಆ ಬಟ್ಟೆಯ ಮುಂದೆ ಹಿಂಜರಿಯಿತು. ಪಾಪ, ಬಡ ಮುದುಕಿ, ಒಳ್ಳೆ ತುಂಡು ಸಿಗದೆ ಇದನ್ನು ತಂದಿದ್ದಾಳೆ ಎಂದುಕೊಂಡೆ. ಇವಳಿಗೆ ನಾನು ಹೊಸ ಬಟ್ಟೆಯ ಕೌದಿ ಕೊಡುತ್ತೇನೆ. ಟೆರಿಲಿನ್, ಟೆರಿಕಾಟ್, ಪಾಪ್ಲಿನ್. ಇಡೀ ಹಟ್ಟಿಯೇ ಬೆರಗಾಗಬೇಕು. ಇಷ್ಟು ಉದಾರಬುದ್ಧಿ ನನಗೆ ಜೀವಮಾನದಲ್ಲಿ ಒಂದೇ ಸಲ ಬಂದದ್ದು. ಅದು ಬರದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಹಳೆಯದನ್ನು ಏನು ಮಾಡುವುದು? ಬಿಸಾಡುವುದು ನನ್ನ ಸ್ವಭಾವವಲ್ಲ. ಎದುರಿನ ಸೈಕಲ್ ಷಾಪ್ ಕೆಂಚಣ್ಣ, "ಚೈನ್ ಒರೆಸಾಕೆ ಯಾವ್ದಾನ ಚಿಂದಿ ಇದ್ರೆ ಕೊಡಪ್ಪ" ಎಂದು ದಿನಾ ಕೇಳುತ್ತಿದ್ದ. ಅವನಿಗೆ ಅಂಗಿಯನ್ನು ನಾಲ್ಕು ತುಂಡು ಮಾಡಿ ಕೊಟ್ಟೆ. ಅಳತೆಗೆ ಸರಿಯಾಗಿ, ಅಂಚು ನೇರವಾಗಿ ಕತ್ತರಿಸಿ ಕೊಟ್ಟೆ. ಬಬ್ಬೂರಿನ ಚಿಕ್ಕತಿಮ್ಮಪ್ಪ ಪ್ಯಾಂಟಿನ ಅಳತೆ ಕೊಡಲು ಬಂದವನು, ಜೋಳದ ಹೊಲಕ್ಕೆ ಹಕ್ಕಿ ಬೀಳುತ್ತಿವೆ, ಬೆದರುಬೊಂಬೆ ನಿಲ್ಲಿಸಬೇಕು ಎಂದ. ಅವನಿಗೆ ರುಮಾಲೂ ಒಂದು ಪಂಚೆಯೂ ಹೋದವು. ಉಳಿದ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಇಸ್ತ್ರಿ ಟೇಬಲ್ಲಿಗೆ ಹಾಸಿಕೊಂಡೆ. ಅವತ್ತೇ ಸಂಜೆ ಗಿರಾಕಿ ಜೊತೆ ಮಾತಾಡುತ್ತಾ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೇ ಮರೆತು, ಇಸ್ತ್ರಿಪೆಟ್ಟಿಗೆಯ ಆಕಾರದ ಒಂದು ಕಂದು ಮಚ್ಚೆಯನ್ನೂ ಮೂಡಿಸಿದೆ.

ಕೌದಿ ಶುರುವಾಯಿತು. ಹಸಿರು ಸೀರೆಯನ್ನು ತಳಕ್ಕೆ ಹಾಸಿ ಮೇಲೆ ಅಂಗಡಿಯ ಹೊಸ ಚೂರುಗಳನ್ನು ಪೇರಿಸಿದೆ. ಮಿಷನ್ನಿನ ಕೆಳಗೆ ತೂರಿಸುವುದೇ ಒಂದು ಸಾಹಸವಾಯಿತು. ಎಡಗಡೆ ಅರ್ಧ ಕೌದಿ ನೆಲದ ಮೇಲೆ, ಬಲಗಡೆ ಅರ್ಧ ಸುರುಳಿ ಸುತ್ತಿಕೊಂಡು ನನ್ನ ತೊಡೆಯ ಮೇಲೆ, ನಡುವೆ ಬಡಪಾಯಿ ಸೂಜಿ. ಮೊದಲ ದಿನ ಏಳು ಸೂಜಿ ಮುರಿದವು. ಎರಡನೆಯ ದಿನ ಬೆಲ್ಟು ಹರಿಯಿತು. ಮೂರನೆಯ ದಿನ ಎಲ್ಲ ಸರಾಗವಾಗಿ ಸಾಗಿ, ನಾನು ಗುನುಗುತ್ತಾ ಪೆಡಲ್ ತುಳಿಯುತ್ತಾ ಕೊನೆಯ ಅಂಚು ಮುಗಿಸಿ ಎದ್ದು ನಿಂತರೆ ಕೌದಿಯೂ ನನ್ನ ಜೊತೆ ಎದ್ದಿತು. ಒಂದು ಮೊಳದಷ್ಟು ಉದ್ದಕ್ಕೆ ನನ್ನ ಪಂಚೆಯನ್ನೂ ಸೇರಿಸಿ ಹೊಲಿದಿದ್ದೆ.

ಅದೇ ಹೊತ್ತಿಗೆ ಕೆಂಚಣ್ಣ ಬೀಡಿಗೆ ಬೆಂಕಿ ಕೇಳಲು ಬಂದ. ನನ್ನನ್ನೂ ನನ್ನ ಹಿಂದೆ ಎಳೆದಾಡುತ್ತಿದ್ದ ಕೌದಿಯನ್ನೂ ನೋಡಿದ.

"ಇದೇನಪ್ಪ ಅಂಜನಪ್ಪ, ಹಿಂಗೇ ಉಟ್ಕಳಾದಾ ಈಗ?"

"ನಗಬ್ಯಾಡ ಕಣೋ. ಕತ್ತರಿ ಕೊಡು ಇಲ್ಲಿ."

ಅಂತೂ ಕೌದಿ ಮುಗಿಯಿತು. ಬಣ್ಣವೇನೋ ಬಣ್ಣವೇ. ಆದರೆ ಮಡಿಚಲು ಹೋದರೆ ಮಡಿಕೆಯಾಗದು. ಟೆರಿಲಿನ್ನೂ ಮಿಷನ್ ಹೊಲಿಗೆಯೂ ಸೇರಿ ಹಲಗೆಯಷ್ಟು ಬಿಗಿಯಾಗಿತ್ತು. ಗೋಡೆಗೆ ಒರಗಿಸಿದೆ. ಯಾರ ಆಸರೆಯೂ ಇಲ್ಲದೆ ನಿಂತಿತು.

ನಾಲ್ಕನೆಯ ದಿನ ಬೆಳಿಗ್ಗೆ ನಾಗಕ್ಕ ಚಿತ್ರದುರ್ಗದಿಂದ ಬಂದಳು. ಕೈಗೆ ಬಿದಿರ ದಬ್ಬೆ ಕಟ್ಟಿದ್ದರು, ಮನೆ ತುಂಬ ಎಣ್ಣೆಯ ವಾಸನೆ. ಚೀಲವನ್ನೂ ಇಳಿಸದೆ ಗೋಡೆಯ ಕಡೆ ನೋಡಿದಳು.

"ಇದೇನ್ರಿ?"

"ಜುಂಜಮ್ಮನ ಕೌದಿ. ಮೂರೇ ದಿನ."

ಅವಳು ಹತ್ತಿರ ಹೋಗಿ ಎಡಗೈಯಿಂದ ಸವರಿದಳು. ಒಂದೊಂದು ತುಂಡನ್ನೂ ನೋಡುತ್ತಾ ಬಂದಳು. ಮೂಲೆಯಿಂದ ಮೂಲೆಗೆ ನೋಡಿದಳು. ಆಮೇಲೆ ಬಗ್ಗಿ ತಿರುವಿ ಹಿಂದಿನ ಸೀರೆಯನ್ನೂ ನೋಡಿದಳು. ಅವಳ ಮುಖದಲ್ಲಿ ಹೊಗಳಿಕೆ ಮೂಡುವುದನ್ನು ನಾನು ಕಾಯುತ್ತಿದ್ದೆ. ಮೂಡಿದ್ದು ಬೇರೆ ಏನೋ.

"ಆ ಗಂಟಿನಾಗಿದ್ದ ಬಟ್ಟೆ ಎಲ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಮುಂದೆ ಕೆಮ್ಮು ಕೇಳಿಸಿತು. ಸಂತೆಗೆ ಬಂದಿದ್ದ ಜುಂಜಮ್ಮ ಹಾಗೇ ವಿಚಾರಿಸಿ ಹೋಗೋಣ ಎಂದು ಬಂದಿದ್ದಳು. ಅರವತ್ತು ದಾಟಿದ ಹೆಂಗಸು. ಕಪ್ಪಗೆ, ಉದ್ದಕ್ಕೆ, ಬೆನ್ನು ಮಾತ್ರ ಸ್ವಲ್ಪವೂ ಬಾಗಿರಲಿಲ್ಲ. ನಾಗಕ್ಕನ ಕೈ ನೋಡಿ, "ಅಯ್ಯೋ ನನ್ನವ್ವ, ಇದೇನಾತು?" ಎಂದು ದಬ್ಬೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಗೋಡೆಗೆ ಒರಗಿದ್ದ ಕೌದಿ ಕಾಣಿಸಿತು.

"ಚೆಂದಾಗೈತೆ. ಯಾರ್ದು ಇದು?"

ನಾಗಕ್ಕ ನನ್ನ ಕಡೆ ನೋಡಿದಳು. ನಾನು ಮೆಲ್ಲಗೆ, "ನಿಮ್ದೇ ಕಣಮ್ಮ" ಎಂದೆ.

ಜುಂಜಮ್ಮ ನೆಲದ ಮೇಲೆ ಕೂತು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅದು ತೊಡೆಯ ಮೇಲೆ ಕೂರದೆ ಹಲಗೆಯ ಹಾಗೆ ಚಾಚಿಕೊಂಡಿತು. ಅವಳ ಕೈ ಒಂದೊಂದು ತುಂಡಿನ ಮೇಲೂ ಹೋಗಿ ಬಂತು. ಹಳದಿ ಟೆರಿಲಿನ್, ಗುಲಾಬಿ ಪಾಪ್ಲಿನ್, ಯಾರದೋ ಬೆಲ್ ಬಾಟಮ್ಮಿನ ಕಾಫಿ ಬಣ್ಣ. ಕೊನೆಗೆ ತಲೆ ಎತ್ತಿದಳು.

"ಇದ್ರಾಗೆ ನಮ್ಮೋರು ಎಲ್ಲವ್ರೆ?"

ನಾಗಕ್ಕ ಅವಳ ಪಕ್ಕ ಕುಕ್ಕರಿಸಿ ಕೂತು ನನಗೆ ವಿಷಯ ಹೇಳಿದಳು. ಯುಗಾದಿಯ ಹೊತ್ತಿಗೆ ಜುಂಜಮ್ಮನ ಗಂಡ ಯತ್ತಪ್ಪ ತೀರಿಹೋಗಿದ್ದ. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಹಟ್ಟಿಯವರು ಎಲ್ಲವನ್ನೂ ಬಿಸಾಡಲು ಹೇಳಿದ್ದರು. ಇವಳು ಆ ನಾಲ್ಕು ಬಟ್ಟೆಯನ್ನು ಕಂಬಳಿ ಚೂರಿನಲ್ಲಿ ಸುತ್ತಿ, ಕುರಿಮರಿಗಳ ಗೂಡಿನೊಳಗೆ ಆರು ತಿಂಗಳು ಬಚ್ಚಿಟ್ಟುಕೊಂಡಿದ್ದಳು. ಹಟ್ಟಿಯಲ್ಲಿ ಕೌದಿ ಹೊಲಿಯುವವರು ಎಷ್ಟೋ ಜನ ಇದ್ದರೂ, ಯಾರಿಗೂ ತಿಳಿಯಬಾರದೆಂದು ಹಿರಿಯೂರಿನವರೆಗೆ ನಡೆದುಕೊಂಡು ಬಂದು ನಾಗಕ್ಕನ ಕೈಗೆ ಕೊಟ್ಟಿದ್ದಳು. ಯಾರಿಗೂ ಹೇಳುವುದಿಲ್ಲ ಎಂದು ನಾಗಕ್ಕನಿಂದ ಆಣೆ ಹಾಕಿಸಿಕೊಂಡಿದ್ದಳು.

"ಕಂಬ್ಳಿ ಐತೆ ನನ್ನ ಹತ್ರ," ಎಂದಳು ಜುಂಜಮ್ಮ, ಯಾರನ್ನೂ ನೋಡದೆ. "ಕಂಬ್ಳಿ ಕುರೀದು. ನಲವತ್ತು ವರ್ಷ ಮಂದೆ ಹತ್ರ ಇಬ್ರೂ ಮಲಗಿದ್ವಿ. ಈ ಸಲ ಒಬ್ಳೇ ಹೋಗ್ಬೇಕು. ಅದ್ಕೆ ಕೇಳಿದ್ದೆ."

ನನ್ನ ಕಾಲ ಕೆಳಗೆ ಮುರಿದ ಸೂಜಿಯೊಂದು ಬಿದ್ದಿತ್ತು. ಅದನ್ನು ನೋಡುತ್ತಾ ನಿಂತೇ ಇದ್ದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗಿರಾಕಿಗಳ ಬೈಗುಳ ತಿಂದು ಬೆಳೆದ ಜೀವ ನನ್ನದು. ಆ ಮುದುಕಿ ಬೈಯಲಿಲ್ಲ. ನಾನು ಎಲ್ಲವನ್ನೂ ಒಪ್ಪಿಸಿದೆ. ಯಾರಿಗೆ ಯಾವುದು ಕೊಟ್ಟೆ, ಯಾವುದನ್ನು ಎಷ್ಟು ತುಂಡು ಮಾಡಿದೆ, ಯಾವುದನ್ನು ಸುಟ್ಟೆ ಎಲ್ಲ. ಕೇಳಿ ಮುಗಿದ ಮೇಲೆ ಅವಳು ಮಂಡಿಗೆ ಕೈ ಊರಿ ಎದ್ದಳು.

"ಆತು. ಹೋಗಾಣ ಬಾ."

"ಎಲ್ಲಿಗಮ್ಮ?"

"ನೀನು ಎಲ್ಲೆಲ್ಲಿ ಕೊಟ್ಟೀಯೋ ಅಲ್ಲಿಗೆ."

ಮೊದಲು ಎದುರಿಗೆ, ಕೆಂಚಣ್ಣನ ಷಾಪಿಗೆ. ವಿಷಯ ತಿಳಿದು ಕೆಂಚಣ್ಣ ಬಾಯಲ್ಲಿದ್ದ ಬೀಡಿ ತೆಗೆದು ಹಿಂದೆ ಬಚ್ಚಿಟ್ಟುಕೊಂಡ. ಡಬ್ಬದ ಕೆಳಗಿನಿಂದ ಒಂದು, ಚಕ್ರಕ್ಕೆ ಸಿಕ್ಕಿಕೊಂಡಿದ್ದ ಇನ್ನೊಂದು, ಗಾಳಿ ಪಂಪಿಗೆ ಸುತ್ತಿದ್ದ ಮತ್ತೊಂದು, ಒಟ್ಟು ಮೂರು ತುಂಡು ಎಳೆದು ತಂದ. ನೀಲಿ ಪಟ್ಟೆ ಇದ್ದದ್ದು ನನಗೆ ಗೊತ್ತಿದ್ದರಿಂದ ಕಂಡಿತು. ಇಲ್ಲದಿದ್ದರೆ ಬರೀ ಗ್ರೀಸು.

"ಸೀಮೆಎಣ್ಣೆನಾಗೆ ನೆನಸಿ ತೊಳ್ಕೊಡ್ತೀನಿ ಅಜ್ಜಿ," ಎಂದ.

"ಬ್ಯಾಡಪ್ಪ. ಇದ್ದಿದ್ದೂ ಹೋಗ್ತೈತೆ. ಇನ್ನೊಂದು?"

ಕೆಂಚಣ್ಣ ನನ್ನ ಮುಖ ನೋಡಿದ. ಮೊನ್ನೆ ಪೂನಾ ಕಡೆ ಹೋಗುವ ಲಾರಿಯವನೊಬ್ಬ ಟ್ಯೂಬಿಗೆ ಪಂಕ್ಚರ್ ಹಾಕಿಸಿಕೊಂಡು, ಕೈ ಒರೆಸಿಕೊಳ್ಳಲು ಒಂದು ತುಂಡು ಕೇಳಿ ಇಸಿದುಕೊಂಡು ಹೋಗಿದ್ದ. ಹೋದದ್ದು ಅಂಗಿಯ ಬಲತೋಳಿದ್ದ ತುಂಡು. ಯತ್ತಪ್ಪನ ಬಲತೋಳು ಅಷ್ಟು ಹೊತ್ತಿಗೆ ಪೂನಾ ತಲುಪಿರಬೇಕು.

ಜುಂಜಮ್ಮ ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದಳು. "ಹೋಗ್ಲಿ ಬಿಡು. ನಮ್ಮೋರು ಜೀವಮಾನದಾಗೆ ಲಾರಿ ಹತ್ತಿದೋರಲ್ಲ. ಕೈಯಾದ್ರೂ ಹತ್ಲಿ."

ಕೆಂಚಣ್ಣನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಇಬ್ಬರೂ ನೆಲ ನೋಡಿದೆವು.

ಬಬ್ಬೂರಿಗೆ ನಡೆದೇ ಹೋದೆವು. ದಾರಿಯುದ್ದಕ್ಕೂ ಅವಳು ಮುಂದೆ, ನಾನು ಹಿಂದೆ. ಕುರಿ ಕಾಯುವವರ ನಡಿಗೆಗೆ ಟೈಲರುಗಳು ಸಮವಲ್ಲ. ಚಿಕ್ಕತಿಮ್ಮಪ್ಪನ ಹೊಲದ ಬದುವಿಗೆ ಬರುತ್ತಲೇ ಜುಂಜಮ್ಮ ಗಕ್ಕನೆ ನಿಂತುಬಿಟ್ಟಳು. ಎದೆಯೆತ್ತರದ ಜೋಳದ ನಡುವೆ ಒಬ್ಬ ಮನುಷ್ಯ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದ. ತಲೆಗೆ ಕೆಂಪು ರುಮಾಲು, ಸೊಂಟದಿಂದ ಕೆಳಗೆ ಇಳಿಬಿದ್ದ ಪಂಚೆ. ಕೋಲಿನ ಮೇಲೆ ಭಾರ ಬಿಟ್ಟು ಸ್ವಲ್ಪ ಎಡಕ್ಕೆ ವಾಲಿದ್ದ. ಗಾಳಿಗೆ ರುಮಾಲಿನ ತುದಿ ಅಲುಗುತ್ತಿತ್ತು.

ಅವಳ ತುಟಿ ಏನನ್ನೋ ಕೂಗಲು ತೆರೆದು ಹಾಗೇ ನಿಂತಿತು. ನಾನು ಅವಳ ಮುಖ ನೋಡಬಾರದಿತ್ತು, ನೋಡಿಬಿಟ್ಟೆ. ನಾನು ಹೊಲಿದ ಬಟ್ಟೆ ಹಾಕಿಕೊಂಡು ಎಷ್ಟೋ ಜನ ಕನ್ನಡಿ ಮುಂದೆ ನಿಂತದ್ದನ್ನು ಕಂಡಿದ್ದೇನೆ. ಒಂದು ಬಟ್ಟೆಯನ್ನು ಯಾರೂ ಹಾಗೆ ನೋಡಿದ್ದನ್ನು ಕಂಡಿರಲಿಲ್ಲ.

ಚಿಕ್ಕತಿಮ್ಮಪ್ಪ ಕಳೆಕುಡುಗೋಲು ಹಿಡಿದುಕೊಂಡು ಖುಷಿಯಿಂದ ಬಂದ. "ಬರ್ರಿ, ಬರ್ರಿ. ನೀವು ಕೊಟ್ಟ ಬಟ್ಟೆ ಬಾಳ ಚಲೋ ಆತು ಅಂಜನಪ್ಪಾರೆ. ಒಂದು ಗುಬ್ಬಿನೂ ಹತ್ರ ಸುಳೀತಾ ಇಲ್ಲ. ಅಂಗೆ ಹೆದರ್ಕಂಡವೆ."

"ಇವರ್ಗಾ?" ಎಂದಳು ಜುಂಜಮ್ಮ. "ಬದುಕಿದ್ದಾಗ ಒಂದು ಕುರಿಮರಿ ಸೈತ ಹೆದರ್ಲಿಲ್ಲ. ನಾನಂತೂ ಹೆದರೇ ಇಲ್ಲ."

ಅವಳೇ ಜೋಳದೊಳಗೆ ಹೋದಳು. ರುಮಾಲನ್ನು ಸುತ್ತು ಸುತ್ತಾಗಿ, ಮಲಗಿದವರನ್ನು ಎಬ್ಬಿಸದ ಹಾಗೆ ಬಿಚ್ಚಿದಳು. ಪಂಚೆಯನ್ನೂ ಬಿಚ್ಚಿದಳು. ಉಳಿದದ್ದು ಎರಡು ಕೋಲು, ಒಂದು ಮಡಕೆ. ಚಿಕ್ಕತಿಮ್ಮಪ್ಪನಿಗೆ ಸಂಗತಿ ತಿಳಿದು ಮುಖ ಸಪ್ಪಗಾಯಿತು. ಆದರೂ ಹೊಲ ಹೊಲವೇ. "ಅಜ್ಜಿ, ತಗಂಡು ಹೋಗು, ಬ್ಯಾಡ ಅನ್ನಲ್ಲ. ಆದ್ರೆ ಬರೀ ಕೋಲಿಗೆ ಹಕ್ಕಿ ಹೆದರಲ್ಲ" ಎಂದು ನನ್ನ ಅಂಗಿಯ ಕಡೆ ನೋಡಿದ.

ಅಂಗಿ ಬಿಚ್ಚಿ ಕೊಟ್ಟೆ. ಹಿರಿಯೂರಿನ ಹೆಸರಾಂತ ಟೈಲರು ಬರೀ ಬನೀನಿನಲ್ಲಿ, ಕಂಕುಳಲ್ಲಿ ಹೆಣದ ಪಂಚೆ ಇಟ್ಟುಕೊಂಡು, ನಡುಮಧ್ಯಾಹ್ನದ ಸಂತೆಯ ನಡುವೆ ಮುದುಕಿಯ ಹಿಂದೆ ಹಿಂದೆ ಮನೆಗೆ ಬಂದ. ದಾರಿಯಲ್ಲಿ ಸಿಕ್ಕ ಎಂಟು ಜನ ಗಿರಾಕಿಗಳಿಗೆ ನಾನು ನಮಸ್ಕಾರ ಮಾಡಿದೆ. ಇಬ್ಬರು ಮಾತ್ರ ತಿರುಗಿ ಮಾಡಿದರು.

ನಾಗಕ್ಕ ಅಷ್ಟು ಹೊತ್ತಿಗೆ ಇಸ್ತ್ರಿ ಟೇಬಲ್ಲಿನಿಂದ ಸುಟ್ಟ ಪಂಚೆಯನ್ನು ಬಿಡಿಸಿ ಮಡಿಚಿ ಇಟ್ಟಿದ್ದಳು. ಎಲ್ಲವನ್ನೂ ನೆಲದ ಮೇಲೆ ಹರಡಿ ಮೂವರೂ ಸುತ್ತ ಕೂತೆವು. ಸಾವಿನ ಮನೆಯಲ್ಲಿ ಕೂತ ಹಾಗೇ ಇತ್ತು. ಒಂದು ರೀತಿಯಲ್ಲಿ ಅದೇ ಅಲ್ಲವೇ.

"ಇನ್ನು ಹದಿನಾರು ದಿನ ಐತೆ," ಎಂದಳು ನಾಗಕ್ಕ. "ಹೊಲೀರಿ."

"ನಾನಾ?"

"ನನ್ನ ಕೈ ಐತೇನ್ರಿ? ಜುಂಜಮ್ಮಂಗೆ ಕಣ್ಣು ಮಂಜು. ಉಳಿದೋರು ಯಾರು? ಮೊದ್ಲು ನಿಮ್ಮ ಹೊಲಿಗೆ ಬಿಚ್ಚಿ ಸೀರೆ ತೆಗೀರಿ."

ನನ್ನ ಹೊಲಿಗೆಯನ್ನು ನಾನೇ ಬಿಚ್ಚಲು ಮೂರು ದಿನ ಹಿಡಿಯಿತು. ಅಷ್ಟು ಗಟ್ಟಿಯಾಗಿ ನಾನು ಗಿರಾಕಿಯ ಬಟ್ಟೆಯನ್ನು ಎಂದೂ ಹೊಲಿದಿರಲಿಲ್ಲ. ಆಮೇಲೆ ಅಂಗಡಿಗೆ ಬಾಗಿಲು ಹಾಕಿ, ಪರದೆಯ ಆಚೆ, ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಕೂತು, ದಪ್ಪ ಸೂಜಿ ಹಿಡಿದೆ. ಹೊರಗೆ ಗಿರಾಕಿಗಳು ಹಬ್ಬದ ಬಟ್ಟೆಗೆ ಬಾಗಿಲು ಬಡಿದು ಬೈದು ಹೋಗುತ್ತಿದ್ದರು. ನಾಗಕ್ಕ ಪಕ್ಕದಲ್ಲಿ ಕೂತು ಎಡಗೈ ಬೆರಳಿನಿಂದ ದಾರಿ ತೋರಿಸುತ್ತಿದ್ದಳು. ಮೊದಲನೆಯ ಸುತ್ತು ಮುಗಿಸಿ ಹೆಮ್ಮೆಯಿಂದ ಅವಳ ಕಡೆ ನೋಡಿದೆ.

"ಇದೇನು, ಕುಡಿದೋನು ನಡೆದಂಗೆ ಹೋಗೈತೆ. ಬಿಚ್ರಿ."

ಬಿಚ್ಚಿದೆ. ಎರಡನೆಯ ಸಲವೂ ಬಿಚ್ಚಿಸಿದಳು. ಮಿಷನ್ನಿನ ಪೆಡಲು ತುಳಿದು ತುಳಿದು ನನ್ನ ಕಾಲಿಗೆ ಹೊಲಿಗೆ ಗೊತ್ತಿತ್ತು. ಕೈಗೆ ಮರೆತೇ ಹೋಗಿತ್ತು. ಐದು ಬೆರಳಿಗೂ ಸೂಜಿ ಚುಚ್ಚಿಕೊಂಡು, ಐದಕ್ಕೂ ಚಿಂದಿ ಸುತ್ತಿಕೊಂಡು, ಆ ಚಿಂದಿಯನ್ನೇ ಎರಡು ಸಲ ಕೌದಿಗೆ ಸೇರಿಸಿ ಹೊಲಿದೆ.

ಜುಂಜಮ್ಮ ಎರಡು ದಿನಕ್ಕೊಮ್ಮೆ ಹಟ್ಟಿಯಿಂದ ಬಂದು ಎದುರಿಗೆ ಕೂರುತ್ತಿದ್ದಳು. ಹೊಲಿಯುತ್ತಾ ಹೋದ ಹಾಗೆ ಒಂದೊಂದು ಬಟ್ಟೆಯನ್ನೂ ಮುಟ್ಟಿ ಹೇಳುತ್ತಿದ್ದಳು. ಪಟ್ಟೆ ಅಂಗಿ ಹೊಳಲ್ಕೆರೆ ಸಂತೆಯಲ್ಲಿ ತಂದದ್ದು, ಟಗರು ಮಾರಿದ ದಿನ. ರುಮಾಲು ಅವಳ ಅಪ್ಪ ಕೊಟ್ಟದ್ದು, ಮದುವೆಗೆ. ಒಂದು ಪಂಚೆಯಲ್ಲಿ, ಹೊಸದುರ್ಗದ ಕಡೆ ಕಾಡಿನಲ್ಲಿ ಈದ ಕುರಿಯ ಮರಿಯನ್ನು ಕಟ್ಟಿಕೊಂಡು ಯತ್ತಪ್ಪ ಮಳೆಯಲ್ಲಿ ಎರಡು ಹರದಾರಿ ನಡೆದಿದ್ದನಂತೆ. ಮರಿ ಬದುಕಿತು, ಅವನಿಗೆ ಜ್ವರ ಬಂತು. ಬಾಳ ಸಿಟ್ಟಿನ ಮನುಷ್ಯ, ಆದರೆ ಸಿಟ್ಟು ಬಂದರೆ ಎದ್ದು ಹೋಗಿ ಕುರಿಗಳಿಗೆ ಬೈದು ಬರುತ್ತಿದ್ದ. ಹೀಗೇ ಕೇಳುತ್ತಾ ಕೇಳುತ್ತಾ, ನಾನು ಎಂದೂ ಕಾಣದ ಆ ಮನುಷ್ಯ ನನ್ನ ತೊಡೆಯ ಮೇಲೆ ದಿನದಿನಕ್ಕೂ ಅಗಲವಾಗುತ್ತಾ ಬಂದ.

ಒಂದು ದಿನ ಅವಳ ಬೆರಳು ಇಸ್ತ್ರಿಪೆಟ್ಟಿಗೆಯ ಕಂದು ಮಚ್ಚೆಯ ಮೇಲೆ ನಿಂತಿತು. "ಇದು? ಇದು ನೆಪ್ಪಿಗೆ ಬರಲ್ಲ."

"ಅದು ನಾನು ಸುಟ್ಟಿದ್ದು ಅಮ್ಮ. ಕತ್ತರಿಸಿ ತೆಗೆದುಬಿಡ್ತೀನಿ."

"ತೆಗೀಬ್ಯಾಡ. ಇರ್ಲಿ," ಎಂದಳು. "ನೀನೂ ಒಂದಿಷ್ಟು ಹೊಲ್ದೀಯಲ್ಲ."

ಅವತ್ತು ನಾಗಕ್ಕ ನನಗೆ ಒಂದು ಸಲವೂ ಬಿಚ್ರಿ ಎನ್ನಲಿಲ್ಲ. ನನ್ನ ಎಳೆ ನೇರವಾಗಿತ್ತೋ, ಅವಳು ನೋಡಲಿಲ್ಲವೋ ತಿಳಿಯದು. ನನಗಂತೂ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ನಡುವಿನ ಕೊನೆಯ ಎಳೆ ಹಾಕಿ ಗಂಟು ಬಿಗಿದೆ. ನಾಲ್ಕು ಬಟ್ಟೆಯಿಂದ ದೊಡ್ಡ ಕೌದಿಯೇನೂ ಆಗಲಿಲ್ಲ. ಬಲತೋಳಿನ ಕಡೆ ತುಂಡು ಸಾಲದೆ ಜುಂಜಮ್ಮ ಗಂಟು ಕಟ್ಟಿ ತಂದಿದ್ದ ಕಂಬಳಿ ಚೂರನ್ನೇ ಸೇರಿಸಿದೆವು. ಗ್ರೀಸಿನ ಕಲೆ ಹಾಗೇ ಇತ್ತು. ಎಳೆಗಳು ಅಂಕುಡೊಂಕು. ಆದರೆ ಮಡಿಚಿದರೆ ಮಡಿಕೆಯಾಯಿತು. ಜುಂಜಮ್ಮ ಅದನ್ನು ಹೆಗಲ ಮೇಲೆ ಹಾಕಿಕೊಂಡಾಗ, ಯಾರೋ ಕೈ ಹಾಕಿದ ಹಾಗೆ ಮೆತ್ತಗೆ ಇಳಿಬಿತ್ತು. ಅವಳು ಅದರ ಅಂಚನ್ನು ಮುಖಕ್ಕೆ ಒತ್ತಿಕೊಂಡು ಒಂದು ಸಲ ಉಸಿರು ಎಳೆದುಕೊಂಡಳು.

"ಐತಾ?" ಎಂದು ಕೇಳಿದಳು ನಾಗಕ್ಕ, ಮೆಲ್ಲಗೆ.

"ಐತೆ," ಎಂದಳು ಜುಂಜಮ್ಮ. "ಒಂಚೂರು ಸೈಕಲ್ ವಾಸ್ನೆ. ಪರವಾಗಿಲ್ಲ."

ಅವಳು ಹೋದ ಮೇಲೆ ಮನೆ ಬಿಕೋ ಎಂದಿತು. ಹಬ್ಬದ ದಿನ ಬೀದಿಯಲ್ಲಿ ಪಟಾಕಿ ಸದ್ದು. ನಾನು ಹೊಲಿದುಕೊಡದೆ ಹೋದ ಬಟ್ಟೆಗಳ ಗಿರಾಕಿಗಳು ಹಳೇ ಬಟ್ಟೆಯಲ್ಲೇ ನಮ್ಮ ಮನೆ ಮುಂದೆ ಓಡಾಡಿ ನನ್ನನ್ನು ಕೆಕ್ಕರಿಸಿ ನೋಡಿ ಹೋದರು. ಮಧ್ಯಾಹ್ನ ಊಟ ಮಾಡಿ ಒರಗಿದ್ದವನು ಕಣ್ಣು ಬಿಟ್ಟರೆ, ನಾಗಕ್ಕ ಟ್ರಂಕು ತೆರೆದು ಒಂದೇ ಕೈಯಲ್ಲಿ ನನ್ನ ಬಟ್ಟೆಗಳನ್ನೆಲ್ಲ ನೆಲದ ಮೇಲೆ ಒಂದರ ಪಕ್ಕ ಒಂದು ಹರಡುತ್ತಿದ್ದಳು. ಎರಡು ಅಂಗಿ, ಎರಡು ಪಂಚೆ, ಕತ್ತು ಹರಿದ ಒಂದು ಬನೀನು. ಊರಿಗೆಲ್ಲ ಹೊಲಿದುಕೊಟ್ಟವನ ಆಸ್ತಿ ಅಷ್ಟೇ. ಅವಳು ಅವುಗಳ ಸುತ್ತ ಒಂದು ಸುತ್ತು ಬಂದಳು. ಗೇಣು ಹಾಕಿ ಅಳೆದಳು. ಮನಸ್ಸಿನಲ್ಲೇ ಏನೋ ಕೂಡಿ ಕಳೆದು ತಲೆ ಅಲ್ಲಾಡಿಸಿದಳು.

ನಾನು ಎದ್ದು ಕೂತೆ. "ಏನೇ ಅದು ಮಾಡ್ತಿರೋದು?"

"ನೋಡ್ತಾ ಇದ್ದೆ," ಎಂದಳು, ತಿರುಗಿ ನೋಡದೆ. "ಇಷ್ಟ್ರಾಗೆ ತೊಟ್ಲು ಕೂಸಿಗೆ ಒಂದು ಆದೀತು. ನನ್ನ ಕಾಲು ಮುಚ್ಚಲ್ಲ." ಒಂದೊಂದೇ ಅಂಗಿಯನ್ನು ಎಡಗೈಯಲ್ಲಿ ಮಡಿಚಿ ಟ್ರಂಕಿಗೆ ಹಾಕಿದಳು. ಮುಚ್ಚಳ ಹಾಕಿ, ಅದರ ಮೇಲೆ ಕೂತು, ಬಲು ಬೇಸರದಿಂದ ನನ್ನ ಕಡೆ ನೋಡಿದಳು.

"ಇನ್ನೊಂದು ಇಪ್ಪತ್ತು ವರ್ಷ ಇರ್ರಿ."